‘ಎಷ್ಟು ಕೊಡುತ್ತೆ?’ ಎಂಬ ತಪ್ಪು ಪ್ರಶ್ನೆ

ಹೊಸ ಗಾಡಿ ಕಂಡ ತಕ್ಷಣ ನಮ್ಮವರ ಬಾಯಿಂದ ಬರುವ ಮೊದಲ ಮಾತು ‘ಎಷ್ಟು ಕೊಡುತ್ತೆ?’ ಬಣ್ಣ, ಬೆಲೆ, ಪೂಜೆ ಎಲ್ಲಿ ಮಾಡಿಸಿದಿರಿ ಎಂಬ ವಿಚಾರಣೆ ಎಲ್ಲ ಆಮೇಲೆ. ಪೆಟ್ರೋಲ್ ಗಾಡಿಯ ಮಟ್ಟಿಗೆ ಇದಕ್ಕಿಂತ ಬುದ್ಧಿವಂತ ಪ್ರಶ್ನೆ ಇರಲಿಲ್ಲ. ಲೀಟರಿಗೆ ನಲವತ್ತೈದು ಕೊಡುವ ಸ್ಕೂಟರಿಗೂ ಐವತ್ತೈದು ಕೊಡುವ ಸ್ಕೂಟರಿಗೂ ಇರುವ ಅಂತರ ತಿಂಗಳ ಕೊನೆಯಲ್ಲಿ ಜೇಬಿಗೇ ತಟ್ಟುತ್ತಿತ್ತು. ಈಗ ಅದೇ ಪ್ರಶ್ನೆಯನ್ನು ಎಲೆಕ್ಟ್ರಿಕ್ ಸ್ಕೂಟರಿನ ಮುಂದೆ ನಿಂತೂ ಕೇಳುತ್ತೇವೆ. ಸೇಲ್ಸ್ ಹುಡುಗ ‘ನೂರಾ ಇಪ್ಪತ್ತಮೂರು ಸಾರ್’ ಎಂದರೆ ಮುಖ ಅರಳುತ್ತದೆ, ‘ಎಪ್ಪತ್ತೈದು’ ಎಂದರೆ ‘ಅಷ್ಟೇನಾ?’ ಎಂದು ಪಕ್ಕದ ಶೋರೂಮಿಗೆ ನಡೆಯುತ್ತೇವೆ. ನೆಂಟರು, ಸಹೋದ್ಯೋಗಿಗಳು, ಕಾರು ಮಾತ್ರ ಓಡಿಸುವ ಭಾವ ಕೂಡ ಕೊಡುವ ಸಲಹೆ ಒಂದೇ: ‘ತಗೊಳ್ಳೋದು ತಗೋತೀಯ, ಸ್ವಲ್ಪ ಹೆಚ್ಚು ಹಾಕಿ ಜಾಸ್ತಿ ರೇಂಜಿನದೇ ತಗೋ.’

ಈ ಸಲಹೆ ತಪ್ಪು. ಕೈಯಲ್ಲಿ ಒಂದು ಲಕ್ಷದ ಆಸುಪಾಸು ಇಟ್ಟುಕೊಂಡು, ಉಳಿದದ್ದಕ್ಕೆ ಕಂತು ಕಟ್ಟಿ ಗಾಡಿ ಕೊಳ್ಳುವ ಸಂಸಾರಕ್ಕಂತೂ ಇದು ನಷ್ಟದ ಸಲಹೆ. ಮೈಲೇಜ್ ಮಿತವ್ಯಯದ ಅಳತೆಯಾಗಿತ್ತು. ರೇಂಜ್, ಅಂದರೆ ಒಂದು ಚಾರ್ಜಿಗೆ ಓಡುವ ದೂರ, ಅದಲ್ಲ, ಅದು ಟ್ಯಾಂಕಿನ ಅಳತೆ. ಆಕ್ಟಿವಾ ಕೊಳ್ಳುವಾಗ ‘ಟ್ಯಾಂಕು ಎಷ್ಟು ಲೀಟರಿನದು?’ ಎಂದು ಯಾರಾದರೂ ಕೇಳಿದ್ದುಂಟೆ? ಐದೂಕಾಲು ಲೀಟರಿನ ಚಿಲ್ಲರೆ ಟ್ಯಾಂಕದು. ಸ್ಪ್ಲೆಂಡರಿನ ಟ್ಯಾಂಕು ಹೆಚ್ಚುಕಡಿಮೆ ಅದರ ಎರಡರಷ್ಟು. ಆದರೂ ಟ್ಯಾಂಕು ಚಿಕ್ಕದೆಂದು ಆಕ್ಟಿವಾ ಬೇಡ ಎಂದವರನ್ನು ನಾನಂತೂ ಕಂಡಿಲ್ಲ. ಎಲೆಕ್ಟ್ರಿಕ್ ಗಾಡಿಯಲ್ಲಿ ಮಾತ್ರ ಟ್ಯಾಂಕಿಗೇ ಮರುಳಾಗಿದ್ದೇವೆ. ಪೆಟ್ರೋಲ್ ಟ್ಯಾಂಕು ದೊಡ್ಡದು ಮಾಡಲು ಕಂಪನಿಗೆ ತಗಡಿನ ಖರ್ಚಷ್ಟೇ. ಬ್ಯಾಟರಿ ಹಾಗಲ್ಲ, ಇಡೀ ಗಾಡಿಯಲ್ಲಿ ಅದೇ ದುಬಾರಿ ಸಾಮಾನು. ಕಂಪನಿ, ಮಾದರಿ ನೋಡಿ ಹೆಚ್ಚುಕಡಿಮೆಯಾದರೂ, ಒಂದು ಯೂನಿಟ್ ಕರೆಂಟು ಹೆಚ್ಚಿಗೆ ಹಿಡಿಯುವ ಬ್ಯಾಟರಿಗೆ ನೀವು ಕೊಡುವ ಹೆಚ್ಚುವರಿ ಹಣ ಸಾಮಾನ್ಯವಾಗಿ ಹದಿನೈದರಿಂದ ಇಪ್ಪತ್ತೈದು ಸಾವಿರ.

ಮೊದಲು ಆ ನೂರಾ ಇಪ್ಪತ್ತಮೂರು ಎಲ್ಲಿಂದ ಬರುತ್ತದೆ ನೋಡೋಣ. ಜಾಹೀರಾತಿನ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ‘ಐಡಿಸಿ’ ಎಂದಿರುತ್ತದೆ. ಇಂಡಿಯನ್ ಡ್ರೈವಿಂಗ್ ಸೈಕಲ್ ಎಂಬ ಪರೀಕ್ಷಾ ಕ್ರಮ ಅದು. ಗಾಡಿಯನ್ನು ಉರುಳೆಗಳ ಮೇಲೆ ನಿಲ್ಲಿಸಿ, 108 ಸೆಕೆಂಡಿನ ಒಂದು ಓಟವನ್ನು ಮತ್ತೆ ಮತ್ತೆ ಓಡಿಸುತ್ತಾರೆ. ಅದರಲ್ಲಿ ಗರಿಷ್ಠ ವೇಗ ಗಂಟೆಗೆ 42 ಕಿ.ಮೀ., ಸರಾಸರಿ 22ರ ಹತ್ತಿರ. ಗಾಳಿ ಇಲ್ಲ, ಏರಿಲ್ಲ, ಹಂಪ್ ಇಲ್ಲ, ಹಿಂದೆ ಕೂತ ಹೆಂಡತಿ ಇಲ್ಲ, ಮುಂದೆ ನಿಂತ ಮಗು ಇಲ್ಲ, ಕಾಲ ಬಳಿ ಇಪ್ಪತ್ತೈದು ಕೇಜಿ ಅಕ್ಕಿ ಮೂಟೆಯೂ ಇಲ್ಲ. ಅಂದರೆ ಸಂಸಾರವೇ ಇಲ್ಲದ ಸ್ಕೂಟರಿನ ಸಂಖ್ಯೆ ಅದು. ಕಂಪನಿಗಳಿಗೂ ಇದು ಗೊತ್ತು. ಹಾಗಾಗಿಯೇ ಕೆಲವು ಕಂಪನಿಗಳು ‘ನಿಜವಾದ ರೇಂಜ್’ ಎಂದು ಇನ್ನೊಂದು ಚಿಕ್ಕ ಸಂಖ್ಯೆಯನ್ನೂ ಕೊಡುತ್ತವೆ. ಅದೂ ಒಬ್ಬನೇ ಸವಾರ, ಇಕೋ ಮೋಡು ಎಂಬ ಷರತ್ತಿನ ಮೇಲೆ. ಹೋಲಿಸಲು ಒಂದು ಪ್ರಮಾಣಿತ ಪರೀಕ್ಷೆ ಬೇಕು ಎಂಬುದು ಸರಿ. ಆದರೆ ಎರಡು ಗಾಡಿಗಳನ್ನು ಹೋಲಿಸಲು ಮಾಡಿದ ಅಳತೆಯನ್ನು ಮನೆಯ ಅಗತ್ಯದ ಅಳತೆಯಾಗಿ ಮಾರಿದರೆ ಅದು ಮೋಸದ ಅಂಚಿಗೆ ಬಂದು ನಿಲ್ಲುತ್ತದೆ.

ಈ ಹುಚ್ಚಿಗೆ ಕೊಳ್ಳುವವರನ್ನಷ್ಟೇ ದೂರುವುದು ನ್ಯಾಯವಲ್ಲ. ಕೇಂದ್ರ ಸರ್ಕಾರದ ಸಬ್ಸಿಡಿಯೇ ಬ್ಯಾಟರಿಯ ಗಾತ್ರಕ್ಕೆ ಗಂಟು ಹಾಕಿಕೊಂಡಿತ್ತು. ಫೇಮ್–2 ಯೋಜನೆಯಲ್ಲಿ 2021ರ ಜೂನ್‌ನಿಂದ ದ್ವಿಚಕ್ರ ವಾಹನಕ್ಕೆ ಕಿಲೋವ್ಯಾಟ್ ಅವರ್ ಒಂದಕ್ಕೆ, ಅಂದರೆ ಒಂದು ಯೂನಿಟ್ಟಿಗೆ, 15,000 ರೂಪಾಯಿ, ಬೆಲೆಯ ಶೇ 40ರ ಮಿತಿಯವರೆಗೆ ಕೊಟ್ಟರು. ದೊಡ್ಡ ಬ್ಯಾಟರಿ ಇಟ್ಟಷ್ಟೂ ಸರ್ಕಾರದ ಹಣ ಹೆಚ್ಚು ಬರುತ್ತಿದ್ದಾಗ ಯಾವ ಕಂಪನಿ ತಾನೇ ಚಿಕ್ಕದನ್ನು ಮಾರಲು ಹೊರಟೀತು? 2023ರ ಜೂನ್‌ನಲ್ಲಿ ಅದು 10,000ಕ್ಕೆ, ಮಿತಿ ಶೇ 15ಕ್ಕೆ ಇಳಿಯಿತು. ಬೆಲೆ ಒಮ್ಮೆಲೇ ಏರಿತು. ಆಮೇಲೆ ಬಂದ ಪಿಎಂ ಇ–ಡ್ರೈವ್‌ನಲ್ಲಿ 5,000, ಅದೂ 2025ರ ಏಪ್ರಿಲ್‌ನಿಂದ ಅರ್ಧ. ಸಬ್ಸಿಡಿ ಕರಗಿದ ಮೇಲೆಯೇ 2.2 ಕಿಲೋವ್ಯಾಟ್ ಅವರ್‌ನ ಚಿಕ್ಕ ಬ್ಯಾಟರಿಯ, ಲಕ್ಷದೊಳಗಿನ ಮಾದರಿಗಳು ದೊಡ್ಡ ಕಂಪನಿಗಳಿಂದ ಹೊರಬಂದದ್ದು ಕಾಕತಾಳೀಯ ಅಲ್ಲ. ಟಿವಿಎಸ್ ಐಕ್ಯೂಬಿನ ಅಂಥ ಮಾದರಿ 2024ರ ಮೇ ತಿಂಗಳಲ್ಲಿ ಬಂತು, 75 ಕಿ.ಮೀ. ಓಡುತ್ತದೆಂದು ಕಂಪನಿಯೇ ಹೇಳಿತು. ಪರರ ದುಡ್ಡಿನಲ್ಲಿ ದೊಡ್ಡದು ಕೊಳ್ಳುವ ಕಾಲ ಮುಗಿಯಿತು. ಆ ಕಾಲದ ಚಪಲ ಮಾತ್ರ ನಮ್ಮಲ್ಲಿ ಉಳಿದಿದೆ.

ಈಗ ಲೆಕ್ಕಕ್ಕೆ ಬರೋಣ. ಮೈಸೂರಿನ ಕುವೆಂಪುನಗರದಲ್ಲಿ ಮನೆ, ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಎಂದುಕೊಳ್ಳಿ. ಹೋಗಿ ಬರಲು ಸುಮಾರು ಇಪ್ಪತ್ತು ಕಿ.ಮೀ. ಸಂಜೆ ಮಗಳನ್ನು ಟ್ಯೂಷನ್‌ಗೆ ಬಿಡುವುದು, ತರಕಾರಿ, ಒಮ್ಮೊಮ್ಮೆ ದೇವಸ್ಥಾನ ಸೇರಿ ಇಪ್ಪತ್ತೈದು. ವರ್ಷಕ್ಕೆ ಮುನ್ನೂರು ದಿನ ಓಡಿದರೆ 7,500 ಕಿ.ಮೀ. ಪೆಟ್ರೋಲ್ ಲೀಟರಿಗೆ ನೂರೆರಡು, ಸ್ಕೂಟರು ನಲವತ್ತೈದು ಕೊಟ್ಟರೆ ಕಿಲೋಮೀಟರಿಗೆ ಎರಡೂಕಾಲು ರೂಪಾಯಿ. ಎಲೆಕ್ಟ್ರಿಕ್ ಸ್ಕೂಟರು ಗೋಡೆಯ ಪ್ಲಗ್ಗಿನಿಂದ ಎಳೆಯುವುದು, ಚಾರ್ಜಿಂಗ್ ನಷ್ಟವೂ ಸೇರಿ, ಕಿಲೋಮೀಟರಿಗೆ ಸುಮಾರು ಮೂವತ್ತೈದು ವ್ಯಾಟ್ ಅವರ್. ಗೃಹಬಳಕೆಯ ದರ 2025ರ ಏಪ್ರಿಲ್‌ನಿಂದ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ ಆಯಿತು. ಮೇಲಿನ ತೆರಿಗೆ ಸೇರಿಸಿದರೂ ಕಿಲೋಮೀಟರಿಗೆ ಕಾಲು ರೂಪಾಯಿ ದಾಟುವುದಿಲ್ಲ. ಉಳಿತಾಯ ಕಿಲೋಮೀಟರಿಗೆ ಎರಡು ರೂಪಾಯಿ, ವರ್ಷಕ್ಕೆ ಹದಿನೈದು ಸಾವಿರ. ಒಳ್ಳೆಯ ಹಣವೇ.

ಆದರೆ ಈ ಹದಿನೈದು ಸಾವಿರ ಬಂದದ್ದು ಓಡಿದ ಕಿಲೋಮೀಟರಿನಿಂದ. ಓಡಬಹುದಾಗಿದ್ದ ಕಿಲೋಮೀಟರಿನಿಂದ ಒಂದು ಪೈಸೆಯೂ ಬರುವುದಿಲ್ಲ. 2.2ರ ಬ್ಯಾಟರಿ ಇದ್ದರೂ ಉಳಿಯುವುದು ಹದಿನೈದು ಸಾವಿರ, 3.5ರ ಬ್ಯಾಟರಿ ಇದ್ದರೂ ಅಷ್ಟೇ. ಇನ್ನೂ ಸೂಕ್ಷ್ಮವಾಗಿ ನೋಡಿದರೆ, ದೊಡ್ಡ ಬ್ಯಾಟರಿಯ ತೂಕವನ್ನು ದಿನವೂ ಹೊತ್ತು ತಿರುಗುವುದರಿಂದ ಒಂದೆರಡು ರೂಪಾಯಿ ಕಮ್ಮಿಯೇ. ಹೆಚ್ಚಿಗೆ ಕೊಟ್ಟ ಇಪ್ಪತ್ತೈದು ಸಾವಿರಕ್ಕೆ ಮರಳಿ ಬರುವ ದಾರಿಯೇ ಇಲ್ಲ. ‘ಎರಡು ವರ್ಷದಲ್ಲಿ ವಾಪಸು ಬರುತ್ತೆ ಸಾರ್’ ಎಂದು ಶೋರೂಮಿನಲ್ಲಿ ಹೇಳುವುದು ಪೆಟ್ರೋಲ್ ಗಾಡಿಗೂ ಇದಕ್ಕೂ ಇರುವ ಬೆಲೆಯ ಅಂತರದ ಬಗ್ಗೆ. ಚಿಕ್ಕ ಬ್ಯಾಟರಿಗೂ ದೊಡ್ಡದಕ್ಕೂ ಇರುವ ಅಂತರ ಎಂದೂ ವಾಪಸು ಬರುವುದಿಲ್ಲ. ಕಂತಿನಲ್ಲಿ ಕೊಂಡಿದ್ದರೆ ಅದರ ಮೇಲೆ ಬಡ್ಡಿ ಬೇರೆ. ದಿನಕ್ಕೆ ಇಪ್ಪತ್ತೈದು ಕಿ.ಮೀ. ಓಡುವವನು ನೂರು ಓಡಬಲ್ಲ ಗಾಡಿ ಕೊಂಡರೆ, ಮೂರು ಜನರ ಮನೆಗೆ ಮದುವೆ ಮನೆಯ ಕೊಪ್ಪರಿಗೆ ತಂದಿಟ್ಟಂತೆ.

ಇದಕ್ಕೆ ಬರುವ ಉತ್ತರಗಳು ನನಗೆ ಗೊತ್ತು. ಅವುಗಳಲ್ಲಿ ಒಂದು ಮಾತ್ರ ಗಟ್ಟಿ, ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ.

‘ಊರಿಗೆ ಹೋಗಬೇಕಾದರೆ?’ ಎಂಬುದು ಮೊದಲನೆಯದು. ಎಂಥ ಊರಿಗೆ, ವರ್ಷಕ್ಕೆ ಎಷ್ಟು ಸಲ, ಯಾರ ಜೊತೆ ಎಂದು ಎದುರು ಕೇಳಿ ನೋಡಿ. ಬೆಂಗಳೂರಿನಿಂದ ಮಂಡ್ಯದ ಕಡೆಯ ಊರಿಗೆ ಎನ್ನುತ್ತಾರೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಕ್ಕೆ ಪ್ರವೇಶವೇ ಇಲ್ಲ. ಸರ್ವಿಸ್ ರಸ್ತೆಯಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು, ಲಾರಿ ಟ್ರ್ಯಾಕ್ಟರುಗಳ ನಡುವೆ ನೂರು ಕಿ.ಮೀ. ಹೋಗುವುದು ರೇಂಜಿನ ಸಮಸ್ಯೆಯಲ್ಲ, ವಿವೇಕದ ಸಮಸ್ಯೆ. ಮನೆಯ ಹೆಂಗಸರಿಗೆ 2023ರ ಜೂನ್‌ನಿಂದ ಸರ್ಕಾರಿ ಬಸ್ಸು ಉಚಿತ. ಗಂಡಸರು ತಮ್ಮ ಟಿಕೆಟ್ಟಿಗೆ ಕೊಡುವ ದುಡ್ಡನ್ನು ಹತ್ತು ವರ್ಷ ಕೂಡಿಸಿದರೂ ದೊಡ್ಡ ಬ್ಯಾಟರಿಯ ಹೆಚ್ಚುವರಿ ಬೆಲೆ ಮುಟ್ಟುವುದು ಕಷ್ಟ. ವರ್ಷಕ್ಕೆ ಮೂರು ಸಲ ಹೋಗುವ ದಾರಿಗಾಗಿ ಉಳಿದ ಮುನ್ನೂರು ದಿನದ ಗಾಡಿಯನ್ನು ಆರಿಸುವುದು ಯಾವ ಲೆಕ್ಕ? ಬಹಳಷ್ಟು ಮನೆಗಳಲ್ಲಿ ಹಳೆಯ ಪೆಟ್ರೋಲ್ ಬೈಕೊಂದು ಇದ್ದೇ ಇರುತ್ತದೆ ಎಂಬುದನ್ನೂ ಈ ವಾದ ಮರೆಯುತ್ತದೆ.

‘ಮಾರುವಾಗ ಒಳ್ಳೆ ರೇಟು ಸಿಗುತ್ತೆ’ ಎಂಬುದು ಇನ್ನೊಂದು. ಐದು ವರ್ಷ ಹಳೆಯ ಎಲೆಕ್ಟ್ರಿಕ್ ಸ್ಕೂಟರಿಗೆ ಸೆಕೆಂಡ್‌ಹ್ಯಾಂಡ್ ಅಂಗಡಿಯವನು ಹೇಳುವ ಬೆಲೆ ಕೇಳಿದವರು ಈ ಮಾತು ಆಡುವುದಿಲ್ಲ. ಬ್ಯಾಟರಿಯ ಆರೋಗ್ಯ ಅವನಿಗೂ ತಿಳಿಯದು, ಹಾಗಾಗಿ ಅವನು ಕೆಟ್ಟದ್ದನ್ನೇ ಊಹಿಸಿ ಕೇಳುತ್ತಾನೆ. ಆ ಊಹೆಯಲ್ಲಿ ದೊಡ್ಡ ಬ್ಯಾಟರಿಗೆ ಕೊಟ್ಟ ಹೆಚ್ಚುವರಿ ಹಣವೇ ಮೊದಲು ಕರಗುವುದು.

ಗಟ್ಟಿಯಾದ ವಾದ ಇದು: ಬ್ಯಾಟರಿ ವರ್ಷ ವರ್ಷ ಸವೆಯುತ್ತದೆ, ಚಿಕ್ಕದನ್ನು ಕೊಂಡರೆ ಹೆಚ್ಚು ಸಲ ಚಾರ್ಜ್ ಮಾಡಬೇಕು, ಆದ್ದರಿಂದ ಬೇಗ ಸವೆಯುತ್ತದೆ. ಇದರಲ್ಲಿ ಸತ್ಯ ಇದೆ. ಲಿಥಿಯಂ ಬ್ಯಾಟರಿಯ ಆಯುಸ್ಸನ್ನು ಪೂರ್ಣ ಚಾರ್ಜಿನ ಸುತ್ತುಗಳಲ್ಲಿ ಎಣಿಸುತ್ತಾರೆ. ಹೆಚ್ಚಿನ ಸ್ಕೂಟರುಗಳಲ್ಲಿ ಇರುವ ಎನ್‌ಎಂಸಿ ಬಗೆಗೆ ಸಾವಿರದ ಆಸುಪಾಸು, ಎಲ್‌ಎಫ್‌ಪಿ ಬಗೆಗೆ ಅದರ ಎರಡರಷ್ಟು ಅಥವಾ ಇನ್ನೂ ಹೆಚ್ಚು. ನಮ್ಮ ಕುವೆಂಪುನಗರದ ಸಂಸಾರಕ್ಕೆ ಬನ್ನಿ. ಚಿಕ್ಕ ಬ್ಯಾಟರಿ ಸಂಸಾರದ ಭಾರ ಹೊತ್ತು ನಿಜವಾಗಿ ಓಡುವುದು ಎಪ್ಪತ್ತು ಕಿ.ಮೀ. ಎಂದಿಟ್ಟುಕೊಂಡರೂ, ವರ್ಷದ 7,500 ಕಿ.ಮೀ.ಗೆ ನೂರೇಳು ಸುತ್ತು. ಸಾವಿರ ಸುತ್ತಿಗೆ ಒಂಬತ್ತು ವರ್ಷ ಮೀರುತ್ತದೆ. ದೊಡ್ಡ ಬ್ಯಾಟರಿಯ ಸುತ್ತುಗಳು ಅಷ್ಟು ಹೊತ್ತಿಗೆ ಇನ್ನೂ ಉಳಿದಿರುತ್ತವೆ, ನಿಜ. ಆದರೆ ಬ್ಯಾಟರಿ ಓಡದೆ ನಿಂತರೂ ವಯಸ್ಸಾಗುತ್ತದೆ. ಬಿಸಿಲು, ಶೇ 100 ಚಾರ್ಜಿನಲ್ಲೇ ದಿನಗಟ್ಟಲೆ ನಿಲ್ಲಿಸುವುದು, ಬರೀ ಕಾಲ ಸರಿಯುವುದು, ಇವು ದೊಡ್ಡದನ್ನೂ ಚಿಕ್ಕದನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತವೆ. ಒಂಬತ್ತನೇ ವರ್ಷಕ್ಕೆ ಉಳಿದ ಸುತ್ತುಗಳನ್ನು ಎಣಿಸಿಕೊಂಡು ಕೂರುವ ಭಾಗ್ಯ ಆ ಗಾಡಿಯ ಕಂಟ್ರೋಲರಿಗೂ ಡಿಸ್‌ಪ್ಲೇಗೂ ಪ್ಲಾಸ್ಟಿಕ್ಕಿಗೂ ಇರುತ್ತದೆಯೇ ಎಂಬುದು ಬೇರೆ ಮಾತು. ಇನ್ನು ಸವೆದ ಬ್ಯಾಟರಿ ಎಂದರೆ ಸತ್ತ ಬ್ಯಾಟರಿಯಲ್ಲ. ವಾರಂಟಿಗಳು ಸಾಮಾನ್ಯವಾಗಿ ಶೇ 70 ಸಾಮರ್ಥ್ಯವನ್ನು ಗೆರೆಯಾಗಿ ಇಟ್ಟುಕೊಳ್ಳುತ್ತವೆ. ಎಪ್ಪತ್ತರಲ್ಲಿ ಶೇ 70 ಎಂದರೆ ನಲವತ್ತೊಂಬತ್ತು ಕಿ.ಮೀ. ದಿನಕ್ಕೆ ಬೇಕಾದದ್ದು ಇಪ್ಪತ್ತೈದು. ಮುದಿ ಬ್ಯಾಟರಿಯೂ ಹೆಚ್ಚುಕಡಿಮೆ ಎರಡು ದಿನ ತಳ್ಳುತ್ತದೆ.

ಈ ಲೆಕ್ಕದಿಂದ ಒಂದು ಸರಳ ಅಳತೆ ಸಿಗುತ್ತದೆ: ದಿನದ ನಿಜವಾದ ಓಟದ ಎರಡರಷ್ಟು ನಿಜವಾದ ರೇಂಜ್ ಬೇಕು. ನಿಮ್ಮ ಓಟ ಎಷ್ಟೆಂದು ಗೊತ್ತಿಲ್ಲವೇ? ಈಗಿನ ಗಾಡಿಯ ಓಡೋಮೀಟರಿನ ಸಂಖ್ಯೆ ಬರೆದಿಟ್ಟುಕೊಳ್ಳಿ, ತಿಂಗಳು ಬಿಟ್ಟು ಮತ್ತೆ ನೋಡಿ. ಲಕ್ಷ ರೂಪಾಯಿ ಖರ್ಚು ಮಾಡುವವರು ಈ ಪುಕ್ಕಟೆ ಕೆಲಸ ಮಾಡದೆ ಶೋರೂಮಿಗೆ ಹೋಗುವುದು ನನಗೆ ಇಂದಿಗೂ ಅಚ್ಚರಿ. ‘ಅಯ್ಯೋ, ದಿನಾ ಐವತ್ತು ಆಗತ್ತೆ’ ಎನ್ನುವವರ ಓಡೋಮೀಟರು ಸಾಮಾನ್ಯವಾಗಿ ಬೇರೆ ಕತೆ ಹೇಳುತ್ತದೆ.

ರೇಂಜಿನ ಭ್ರಮೆ ಮಾಡುವ ದೊಡ್ಡ ಹಾನಿ ಇಪ್ಪತ್ತೈದು ಸಾವಿರವಲ್ಲ. ಕೇಳಲೇಬೇಕಾದ ಪ್ರಶ್ನೆಗಳ ಜಾಗವನ್ನೆಲ್ಲ ಅದೊಂದೇ ಆಕ್ರಮಿಸಿಕೊಳ್ಳುತ್ತದೆ.

ಮೊದಲನೆಯದು ಪ್ಲಗ್ಗು. ಎಲೆಕ್ಟ್ರಿಕ್ ಸ್ಕೂಟರಿನ ಪೆಟ್ರೋಲ್ ಬಂಕು ನಿಮ್ಮ ಮನೆಯ ಗೋಡೆಯಲ್ಲಿದೆ, ಅಥವಾ ಇಲ್ಲ. ಸ್ವಂತ ಮನೆ, ಕೆಳಗೆ ಪೋರ್ಟಿಕೋ, ಸರಿಯಾದ ಅರ್ತಿಂಗ್ ಇರುವ ಪಾಯಿಂಟು ಇದ್ದರೆ ಎಪ್ಪತ್ತು ಕಿ.ಮೀ. ಗಾಡಿಯೂ ಪ್ರತಿ ಬೆಳಿಗ್ಗೆ ಟ್ಯಾಂಕು ತುಂಬಿಕೊಂಡೇ ಏಳುತ್ತದೆ. ಆ ಪಾಯಿಂಟು ಇಲ್ಲದಿದ್ದರೆ ನೂರಾ ಐವತ್ತರದ್ದೂ ತಲೆನೋವೇ. ಮೂರನೇ ಮಹಡಿಯ ಬಾಡಿಗೆ ಮನೆಯಿಂದ ಕಿಟಕಿಯ ಮೂಲಕ ಎಕ್ಸ್‌ಟೆನ್ಷನ್ ವೈರು ಇಳಿಬಿಟ್ಟು ಚಾರ್ಜ್ ಮಾಡುವ ದೃಶ್ಯ ಬೆಂಗಳೂರಿನ ಓಣಿಗಳಲ್ಲಿ ಅಪರೂಪವಲ್ಲ. ಗಂಟೆಗಟ್ಟಲೆ ಹೊರೆ ಹೊರುವ ಸಪೂರ ವೈರು ಬಿಸಿಯಾಗುತ್ತದೆ, ಮಳೆ ಬಂದರೆ ಜಂಕ್ಷನ್ ಬಾಕ್ಸು ನೆನೆಯುತ್ತದೆ. ಬ್ಯಾಟರಿಗಳಿಗೆ ಬೆಂಕಿ ಹತ್ತಿದ 2022ರ ಘಟನೆಗಳ ನಂತರ ಎಐಎಸ್–156 ಸುರಕ್ಷಾ ನಿಯಮ ಬಿಗಿಯಾಗಿ, 2022ರ ಡಿಸೆಂಬರ್ ಮತ್ತು 2023ರ ಮಾರ್ಚ್‌ನಲ್ಲಿ ಎರಡು ಹಂತಗಳಲ್ಲಿ ಜಾರಿಗೆ ಬಂತು. ಗಾಡಿಯೊಳಗಿನ ಬ್ಯಾಟರಿಗೆ ಸರ್ಕಾರದ ಕಣ್ಗಾವಲು ಬಂತು, ಗಾಡಿಗೆ ಕರೆಂಟು ತರುವ ನಿಮ್ಮ ವೈರಿಗೆ ಯಾರ ಕಣ್ಗಾವಲೂ ಇಲ್ಲ. ಮನೆ ಓನರ್ ಬಳಿ ಮೊದಲು ಮಾತಾಡಿ, ನಿಮ್ಮ ಮೀಟರಿನಿಂದ ಕೆಳಗಿನ ಪಾರ್ಕಿಂಗ್‌ಗೆ ಒಂದು ಪಾಯಿಂಟು ಎಳೆಸಲು ಒಪ್ಪಿಗೆ ಪಡೆಯಿರಿ. ಒಪ್ಪದಿದ್ದರೆ ಬ್ಯಾಟರಿ ಬಿಚ್ಚಿ ಮನೆಯೊಳಗೆ ಒಯ್ಯಬಹುದಾದ ಗಾಡಿಯನ್ನೇ ನೋಡಬೇಕು. ಅಲ್ಲಿ ಚಿಕ್ಕ ಬ್ಯಾಟರಿಯೇ ವರ. ಮೆಟ್ಟಿಲು ಹತ್ತಿ ಹೊರುವವರು ನೀವೇ ತಾನೆ.

ಪ್ಲಗ್ಗಿನ ಜೊತೆಗೆ ಮೀಟರಿನ ಮಾತೂ ಇದೆ, ಅದನ್ನು ಯಾವ ಶೋರೂಮೂ ಹೇಳುವುದಿಲ್ಲ. ರಾಜ್ಯ ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯಲ್ಲಿ ನಿಮಗೆ ಸಾಮಾನ್ಯವಾಗಿ ಉಚಿತ ಸಿಗುವುದು ಹಿಂದಿನ ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿದಷ್ಟು. ಅದನ್ನು ಮೀರಿದರೆ ಮೀರಿದಷ್ಟಕ್ಕೆ ಹಣ, 200 ಯೂನಿಟ್ ದಾಟಿದರೆ ಪೂರಾ ಬಿಲ್ಲು. ನಮ್ಮ ಸಂಸಾರದ ಸ್ಕೂಟರು ತಿಂಗಳಿಗೆ ಎಳೆಯುವುದು ಇಪ್ಪತ್ತೆರಡು ಯೂನಿಟ್. ಸರಾಸರಿ ನೂರು ಇರುವ ಮನೆಗೆ ಹತ್ತು ಉಚಿತದಲ್ಲೇ ಹೋಯಿತು, ಹನ್ನೆರಡಕ್ಕೆ ಹಣ ಕಟ್ಟಿದರಾಯಿತು. ಆದರೆ ತಿಂಗಳಿಗೆ 180 ಸುಡುತ್ತಿದ್ದ ಮನೆ, ಸ್ಕೂಟರು ಬಂದ ತಿಂಗಳು 202ಕ್ಕೆ ಏರುತ್ತದೆ. ಸೊನ್ನೆ ಬರುತ್ತಿದ್ದ ಬಿಲ್ಲು ಸಾವಿರದ ಐನೂರರ ಹತ್ತಿರ ಬಂದು ನಿಲ್ಲುತ್ತದೆ. ತಿಂಗಳಿಗೆ ಉಳಿಯಬೇಕಿದ್ದ ಪೆಟ್ರೋಲ್ ದುಡ್ಡು ಅಲ್ಲಿಗೆ ಚುಕ್ತಾ. ಅಂಥ ಮನೆಗೆ ಬೇಕಾದದ್ದು ಹೆಚ್ಚು ರೇಂಜಿನ ಗಾಡಿಯಲ್ಲ, ಕಿಲೋಮೀಟರಿಗೆ ಕಡಿಮೆ ಕರೆಂಟು ಕುಡಿಯುವ ಗಾಡಿ ಮತ್ತು ಗೀಸರಿನ ಸ್ವಿಚ್ಚಿನ ಮೇಲೆ ಒಂದು ಕಣ್ಣು. ‘ಎಷ್ಟು ಕೊಡುತ್ತೆ’ ಎಂಬ ನಮ್ಮ ಹಳೆಯ ಪ್ರಶ್ನೆಗೆ ಎಲೆಕ್ಟ್ರಿಕ್ ಕಾಲದ ನಿಜವಾದ ರೂಪ ‘ಒಂದು ಯೂನಿಟ್ಟಿಗೆ ಎಷ್ಟು ಕೊಡುತ್ತೆ’ ಎಂಬುದು. ಇದನ್ನು ಕೇಳಿದರೆ ಸೇಲ್ಸ್ ಹುಡುಗ ತಲೆ ಕೆರೆದುಕೊಳ್ಳುತ್ತಾನೆ.

ಎರಡನೆಯದು ಗ್ಯಾರೇಜು. ಆಕ್ಟಿವಾ ಕೆಟ್ಟರೆ ಹಿರಿಯೂರಿನಲ್ಲೂ ಸಿರ್ಸಿಯಲ್ಲೂ ಬೀದಿಗೊಬ್ಬ ಮೆಕ್ಯಾನಿಕ್ಕು ಸಿಗುತ್ತಾನೆ. ಎಲೆಕ್ಟ್ರಿಕ್ ಗಾಡಿಯ ಮೋಟರು, ಕಂಟ್ರೋಲರು, ಬ್ಯಾಟರಿ ಮುಟ್ಟುವ ಅಧಿಕಾರ ಕಂಪನಿಯವರಿಗೆ ಮಾತ್ರ. ಬೇರೆಯವರು ಮುಟ್ಟಿದರೆ ವಾರಂಟಿ ಹೋಯಿತು, ಸಾಫ್ಟ್‌ವೇರೂ ಬಾಯಿ ಬಿಡುವುದಿಲ್ಲ. ಆದ್ದರಿಂದ ಗಾಡಿಗಿಂತ ಮೊದಲು ಸರ್ವಿಸ್ ಸೆಂಟರನ್ನು ಆರಿಸಬೇಕು. 2024ರ ಅಕ್ಟೋಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ, ಬೆಂಗಳೂರಿನ ಓಲಾ ಎಲೆಕ್ಟ್ರಿಕ್ ಕಂಪನಿಗೆ ನೋಟಿಸು ಕೊಟ್ಟಿತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಆ ಕಂಪನಿಯ ವಿರುದ್ಧ ಒಂದು ವರ್ಷದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ದೂರು ಬಂದಿದ್ದವು. ಬಹುತೇಕ ಎಲ್ಲವನ್ನೂ ಬಗೆಹರಿಸಿದ್ದೇವೆ ಎಂದು ಕಂಪನಿ ಉತ್ತರಿಸಿತು. ಅದಕ್ಕೆ ಹಿಂದಿನ ತಿಂಗಳೇ ಕಲಬುರಗಿಯಲ್ಲಿ, ಕೆಲವೇ ವಾರಗಳ ಹಿಂದೆ ಗಾಡಿ ಕೊಂಡಿದ್ದ ಯುವಕನೊಬ್ಬ ರಿಪೇರಿಗೆ ಅಲೆದು ರೋಸಿ ಅದೇ ಕಂಪನಿಯ ಶೋರೂಮಿಗೇ ಬೆಂಕಿ ಹಚ್ಚಿ ಬಂಧನಕ್ಕೆ ಒಳಗಾಗಿದ್ದ. ಬೆಂಕಿ ಹಚ್ಚುವುದು ಅಪರಾಧ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಂಥ ದೂರುಗಳಲ್ಲಿ ನಿಂತ ಗಾಡಿಗಳ ರೇಂಜಿಗೆ ಏನು ಬೆಲೆ? ಸರ್ವಿಸ್ ಸೆಂಟರಿನಲ್ಲಿ ಮೂರು ವಾರ ಧೂಳು ತಿನ್ನುವ ಗಾಡಿಯ ರೇಂಜ್ ಸೊನ್ನೆ.

ನೀವು ಕೊಳ್ಳಬೇಕೆಂದಿರುವ ಕಂಪನಿಯ ಸರ್ವಿಸ್ ಸೆಂಟರಿಗೆ ಒಂದು ಶನಿವಾರ ಬೆಳಿಗ್ಗೆ ಸುಮ್ಮನೆ ಹೋಗಿ ನಿಂತುಕೊಳ್ಳಿ. ಶೋರೂಮಿಗಲ್ಲ, ಸರ್ವಿಸ್ ಸೆಂಟರಿಗೆ. ಅಲ್ಲಿ ಕಾಯುತ್ತಿರುವವರನ್ನು ‘ಎಷ್ಟು ದಿನ ಆಯ್ತು?’ ಎಂದು ಕೇಳಿ. ಆ ಅರ್ಧ ಗಂಟೆಯಲ್ಲಿ ತಿಳಿಯುವುದು ಯಾವ ಯೂಟ್ಯೂಬ್ ವಿಮರ್ಶೆಯಲ್ಲೂ ತಿಳಿಯದು. ನಿಮ್ಮ ಊರಲ್ಲಿ ಸರ್ವಿಸ್ ಸೆಂಟರೇ ಇಲ್ಲದೆ, ಕೆಟ್ಟರೆ ಟಾಟಾ ಏಸಿನಲ್ಲಿ ಹೇರಿಕೊಂಡು ಜಿಲ್ಲಾ ಕೇಂದ್ರಕ್ಕೆ ಒಯ್ಯಬೇಕಾದರೆ, ಆ ಕಂಪನಿ ಎಷ್ಟೇ ಕಿಲೋಮೀಟರು ಆಸೆ ತೋರಿಸಿದರೂ ಬೇಡ ಎನ್ನುವ ಎದೆಗಾರಿಕೆ ಬೇಕು.

ಇನ್ನು ಬೆಲೆ. ಎಕ್ಸ್–ಶೋರೂಂ ಬೆಲೆಗೆ ಗಾಡಿ ಮನೆಗೆ ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೆ ಎಲೆಕ್ಟ್ರಿಕ್ ಗಾಡಿಯಲ್ಲಿ ಚಾರ್ಜರಿಗೆ, ಸಾಫ್ಟ್‌ವೇರ್ ಪ್ಯಾಕಿಗೆ, ವಿಸ್ತರಿಸಿದ ವಾರಂಟಿಗೆ ಬೇರೆ ಬೇರೆ ಲೆಕ್ಕ ಇರುವುದುಂಟು. ಒಂದು ಕಾಲದಲ್ಲಿ ಸಬ್ಸಿಡಿಯ ಬೆಲೆ ಮಿತಿಯೊಳಗೆ ತೋರಿಸಲು ಚಾರ್ಜರನ್ನು ಪ್ರತ್ಯೇಕವಾಗಿ ಮಾರಿದ ದೊಡ್ಡ ಕಂಪನಿಗಳು, 2023ರಲ್ಲಿ ಸರ್ಕಾರ ಹಿಡಿದ ಮೇಲೆ ಆ ಹಣ ಗ್ರಾಹಕರಿಗೆ ಮರಳಿಸಲು ಒಪ್ಪಬೇಕಾಯಿತು. ಹಾಗಾಗಿ ಚಾರ್ಜರು ಸೇರಿದೆಯೇ, ಪ್ಯಾಕ್ ಕೊಳ್ಳದಿದ್ದರೆ ಯಾವುದು ಕೆಲಸ ಮಾಡುವುದಿಲ್ಲ, ಬ್ಯಾಟರಿಯ ವಾರಂಟಿ ಎಷ್ಟು ವರ್ಷ ಮತ್ತು ಎಷ್ಟು ಕಿ.ಮೀ., ಶೇ 70ಕ್ಕಿಂತ ಇಳಿದರೆ ಬದಲಿಸುತ್ತಾರೆಯೇ ಎಂಬುದನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ದೊಡ್ಡ ಬ್ಯಾಟರಿಗೆ ಕೊಡಬೇಕೆಂದಿದ್ದ ಇಪ್ಪತ್ತೈದು ಸಾವಿರದಲ್ಲಿ ಒಂದು ಪಾಲನ್ನು ವಾರಂಟಿಗೆ ಹಾಕಿದರೆ ಅದು ಸಾರ್ಥಕ ಖರ್ಚು. ವರ್ಷಕ್ಕೆ 7,500 ಓಡುವವರಿಗೆ ಎಂಟು ವರ್ಷ, 80,000 ಕಿ.ಮೀ. ವಾರಂಟಿ ಪೂರ್ತಿ ಅವಧಿಗೆ ನಿಲ್ಲುತ್ತದೆ.

ರೇಂಜಿನ ಮೋಹ ಕೆಳಗಿನ ತುದಿಯಲ್ಲಿ ಮಾಡುವ ಅನಾಹುತವನ್ನೂ ಹೇಳದಿದ್ದರೆ ತಪ್ಪಾದೀತು. ಜಿಲ್ಲಾ ಪಟ್ಟಣಗಳಲ್ಲಿ ‘ಲೈಸೆನ್ಸ್ ಬೇಡ, ನೋಂದಣಿ ಬೇಡ, ಅರವತ್ತು ಸಾವಿರ, ನೂರು ಕಿಲೋಮೀಟರ್’ ಎಂಬ ಬ್ಯಾನರು ಕಟ್ಟಿದ ಅಂಗಡಿಗಳಿವೆ. 250 ವ್ಯಾಟ್ ಒಳಗಿನ ಮೋಟರು, ಗಂಟೆಗೆ 25 ಕಿ.ಮೀ. ಒಳಗಿನ ವೇಗದ ಗಾಡಿಗೆ ಕಾನೂನಿನ ವಿನಾಯಿತಿ ಇದೆ, ನಿಜ. ಅಷ್ಟು ನಿಧಾನ ಓಡಿದರೆ ಯಾವ ಬ್ಯಾಟರಿಯೂ ದೂರ ಹೋಗುತ್ತದೆ, ಅದರಲ್ಲಿ ಹೆಚ್ಚುಗಾರಿಕೆ ಏನಿಲ್ಲ. ಹಲವು ಅಂಗಡಿಗಳಲ್ಲಿ ‘ಗ್ರಾಫೀನ್ ಬ್ಯಾಟರಿ’ ಎಂದು ಹೊಗಳುವುದು ಹೆಸರು ಬದಲಿಸಿಕೊಂಡ ಲೆಡ್–ಆಸಿಡ್ ಬ್ಯಾಟರಿಯನ್ನು. ಅದು ಒಂದೂವರೆ–ಎರಡು ವರ್ಷಕ್ಕೆ ಸುಸ್ತಾಗುತ್ತದೆ. ಗಂಡ, ಹೆಂಡತಿ, ಮಗು ಕೂತು ಬಾಗಲಕೋಟೆಯ ಬಿಸಿಲಿನಲ್ಲಿ ಏರು ಹತ್ತಿಸಲು 250 ವ್ಯಾಟ್ ಸಾಲದು. ಸಾಲದೆಂದು ಅಂಗಡಿಯವನೇ ವೇಗದ ಮಿತಿ ಬಿಚ್ಚಿಕೊಡುತ್ತಾನೆ, ಆಗ ಅದು ನೋಂದಣಿಯೂ ವಿಮೆಯೂ ಇಲ್ಲದ ಅಕ್ರಮ ವಾಹನ. ಅಪಘಾತವಾದರೆ ಪರಿಹಾರದ ಮಾತಿಗೆ ದಿಕ್ಕಿರುವುದಿಲ್ಲ. ಅಲ್ಲಿಗೂ ಜನ ಹೋಗುವುದು ‘ನೂರು ಕೊಡುತ್ತೆ’ ಎಂಬ ಒಂದೇ ಮಾತು ಕೇಳಿ.

ಸಂಸಾರದ ಗಾಡಿ ಎಂದ ಮೇಲೆ ಸಂಸಾರವನ್ನು ಶೋರೂಮಿಗೆ ಕರೆದುಕೊಂಡು ಹೋಗಬೇಕು. ಗಂಡ ಒಬ್ಬನೇ ಹೋಗಿ ಸ್ಪೋರ್ಟ್ ಮೋಡಿನಲ್ಲಿ ಒಂದು ಸುತ್ತು ಹೊಡೆದು ಬುಕ್ ಮಾಡಿ ಬರುವ ಗಾಡಿಯನ್ನು ಆಮೇಲೆ ದಿನವಿಡೀ ಓಡಿಸುವವಳು ಹೆಂಡತಿ. ಅವಳ ಕಾಲು ಎರಡೂ ಬದಿ ನೆಲಕ್ಕೆ ಊರುತ್ತದೆಯೇ? ಪಾರ್ಕಿಂಗ್‌ನಲ್ಲಿ ಸ್ಟ್ಯಾಂಡು ಹಾಕಲು, ಹಿಂದಕ್ಕೆ ಎಳೆಯಲು ಆಗುತ್ತದೆಯೇ? ದೊಡ್ಡ ಬ್ಯಾಟರಿಯ ತೂಕ ಬಾಧಿಸುವುದು ಇಲ್ಲೇ. ರಿವರ್ಸ್ ಮೋಡು ಇದ್ದರೆ ಅದು ಅಲಂಕಾರವಲ್ಲ. ಕಾಲಿಡುವ ಜಾಗ ಚಪ್ಪಟೆಯಾಗಿದೆಯೇ, ಸಿಲಿಂಡರು ನಿಲ್ಲುತ್ತದೆಯೇ ನೋಡಿ. ಸೀಟು ಉದ್ದವಾಗಿರಬೇಕು. ಸಂಸಾರಕ್ಕೆಂದೇ 2024ರಲ್ಲಿ ತಂದ ಏಥರ್ ರಿಜ್ಟಾದ ಸೀಟು 900 ಮಿಲಿಮೀಟರ್ ಎಂದು ಕಂಪನಿ ಎದೆ ತಟ್ಟಿ ಹೇಳಿದ್ದು ಸುಮ್ಮನಲ್ಲ, ಅಲ್ಲಿ ಯಾರೋ ಬಳಸುವವರನ್ನು ಕೇಳಿದ್ದಾರೆ. ಡಿಕ್ಕಿಯಲ್ಲಿ ಎರಡು ಹೆಲ್ಮೆಟ್ ಹಿಡಿಸುತ್ತದೆಯೇ ಎಂಬುದೂ ಮುಖ್ಯ. ನಾಲ್ಕು ವರ್ಷದೊಳಗಿನ ಮಗುವನ್ನು ಕೂರಿಸಿಕೊಂಡರೆ ಸುರಕ್ಷಾ ಬೆಲ್ಟು, ಮಗುವಿನ ಅಳತೆಯ ಹೆಲ್ಮೆಟ್ಟು, ಗಂಟೆಗೆ 40ರೊಳಗಿನ ವೇಗ ಎಂಬ ಕೇಂದ್ರದ ನಿಯಮ 2022ರಲ್ಲಿ ಪ್ರಕಟವಾಗಿದೆ. ಆ ಬೆಲ್ಟು ಇಟ್ಟಿರುವ ಶೋರೂಮು ಹುಡುಕಿದರೂ ಸಿಗುವುದಿಲ್ಲ ಎಂಬುದು ನಮ್ಮ ಆದ್ಯತೆಗಳ ಬಗ್ಗೆ ಬೇಕಾದಷ್ಟು ಹೇಳುತ್ತದೆ.

ಶೋರೂಮಿನಲ್ಲಿ ಇನ್ನೊಂದು ನಡೆಯುತ್ತದೆ. ಚಿಕ್ಕ ಬ್ಯಾಟರಿಯ ಮಾದರಿ ಕೇಳಿದರೆ ‘ಸ್ಟಾಕ್ ಇಲ್ಲ ಸಾರ್, ಎರಡು ತಿಂಗಳು ಆಗುತ್ತೆ, ದೊಡ್ಡದಾದರೆ ನಾಳೆನೇ ಡೆಲಿವರಿ’ ಎನ್ನುತ್ತಾರೆ. ಟೆಸ್ಟ್ ರೈಡಿಗೆ ನಿಲ್ಲಿಸಿರುವುದೂ ದೊಡ್ಡದನ್ನೇ. ಜಾಹೀರಾತಿನಲ್ಲಿ ಹೊಳೆಯುವ ಲಕ್ಷದೊಳಗಿನ ಬೆಲೆ ಅಲ್ಲಿ ಗಿರಾಕಿಯನ್ನು ಒಳಗೆ ಎಳೆಯಲು ಮಾತ್ರ. ಎರಡು ತಿಂಗಳು ಕಾಯುವುದರಿಂದ ನಿಮಗೆ ಆಗುವ ಪೆಟ್ರೋಲ್ ಖರ್ಚು ಮೂರು ಸಾವಿರ ಮುಟ್ಟುವುದಿಲ್ಲ, ಆತುರಪಟ್ಟರೆ ಕೊಡುವುದು ಇಪ್ಪತ್ತೈದು.

ದೊಡ್ಡ ಬ್ಯಾಟರಿ ಬೇಕಾದವರು ಇಲ್ಲವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ದಿನಕ್ಕೆ ನೂರು ಸುತ್ತುವ ಡೆಲಿವರಿ ಹುಡುಗರಿಗೆ, ಔಷಧ ಕಂಪನಿಯ ಪ್ರತಿನಿಧಿಗಳಿಗೆ ಅದು ದುಡಿಮೆಯ ಬಂಡವಾಳ. ಅವರ ಪ್ರತಿ ಕಿಲೋಮೀಟರಿಗೂ ಎರಡು ರೂಪಾಯಿ ಉಳಿಯುತ್ತದೆ, ಬೇಗ ಉಳಿಯುತ್ತದೆ. ಧಾರವಾಡದಲ್ಲಿ ಮನೆ, ಹುಬ್ಬಳ್ಳಿಯಲ್ಲಿ ಕೆಲಸ ಇರುವವರ ದಿನದ ಓಟ ನಲವತ್ತು ದಾಟಿ ಐವತ್ತರ ಹತ್ತಿರ ಹೋಗುತ್ತದೆ. ಎರಡರಷ್ಟು ಎಂಬ ಅಳತೆ ಹಿಡಿದರೆ ಅವರಿಗೆ ತೊಂಬತ್ತು–ನೂರು ನಿಜವಾದ ರೇಂಜ್ ಬೇಕು, ಮೂರು ಕಿಲೋವ್ಯಾಟ್ ಅವರ್ ಮೇಲಿನದನ್ನೇ ಕೊಳ್ಳಲಿ. ಮಡಿಕೇರಿ, ಮೂಡಿಗೆರೆ, ಕೊಪ್ಪದ ಕಡೆಯ ಏರಿಳಿತದಲ್ಲಿ ಬಯಲುಸೀಮೆಯ ಲೆಕ್ಕ ನಡೆಯದು. ಘಟ್ಟ ಹತ್ತುವಾಗ ಕುಡಿದ ಕರೆಂಟಿನಲ್ಲಿ ಇಳಿಯುವಾಗ ಮರಳಿ ಬರುವುದು ಸ್ವಲ್ಪವೇ. ಜೊತೆಗೆ ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಹೋಗುವ ಊರುಗಳವು. ಅಲ್ಲಿನವರು ಎರಡರಷ್ಟಲ್ಲ, ಮೂರರಷ್ಟು ಇಟ್ಟುಕೊಳ್ಳಲಿ. ಇಲ್ಲವೇ, ಮನೆಯ ಹಳೆಯ ಪೆಟ್ರೋಲ್ ಗಾಡಿಯನ್ನು ಎಕ್ಸ್‌ಚೇಂಜಿಗೆ ಕೊಡದೆ ಕೊಟ್ಟಿಗೆಯಲ್ಲೇ ಇಟ್ಟುಕೊಂಡಿರಲಿ; ಶೋರೂಮಿನವನು ಅದಕ್ಕೆ ಕೊಡುವ ಎಂಟು ಹತ್ತು ಸಾವಿರಕ್ಕಿಂತ ಜುಲೈ ತಿಂಗಳಲ್ಲಿ ಅದರ ಉಪಯೋಗ ಹೆಚ್ಚು.